ಒಲೆ ಅಳೆದ ಉಣ್ಣೆದಾರ

ಮೀನಾಕ್ಷಿ ಒಲೆಯ ಬಾಯಿಗೆ ದಾರ ಹಿಡಿದು ಅಳೆಯುತ್ತಿದ್ದುದನ್ನು ಪಾಲಮ್ಮ ಕಣ್ಣಾರೆ ಕಂಡಳು. ಕಂಡದ್ದು ಹಿತ್ತಲ ಬಾಗಿಲಿನಿಂದ, ಜಾಲಿ ಸೌದೆಯ ಹೊರೆ ತಲೆಯ ಮೇಲಿರುವಾಗ. ಹೊರೆ ಇಳಿಸಬೇಕೆಂಬುದನ್ನೂ ಮರೆತು ಹಾಗೇ ನಿಂತುಬಿಟ್ಟಳು. ಮೀನಾಕ್ಷಿ ತಿರುಗಿ ನೋಡಿದವಳೇ ದಾರವನ್ನು ಉಂಡೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಏನೇ ಅದು?"

"ಏನಿಲ್ಲಕ್ಕ. ಬೂದಿ ತೆಗೀತಿದ್ದೆ."

ಬೂದಿಯನ್ನು ಬೆಳಗ್ಗೆಯೇ ತೆಗೆದಾಗಿತ್ತು. ತೆಗೆದವಳು ಪಾಲಮ್ಮನೇ. ಸುಳ್ಳು ಹೇಳುವವರು ಕಡೇಪಕ್ಷ ಬೂದಿ ಯಾರು ತೆಗೆದರೆಂದಾದರೂ ನೋಡಿಕೊಂಡು ಹೇಳಬೇಡವೆ? ಪಾಲಮ್ಮ ಹೊರೆಯನ್ನು ಮೂಲೆಗೆ ದಢಾರನೆ ಎಸೆದಳು. ಆ ಸದ್ದಿನಲ್ಲಿ ಹೇಳಬೇಕಾದ್ದೆಲ್ಲ ಇತ್ತು. ಮೀನಾಕ್ಷಿ ತಲೆ ತಗ್ಗಿಸಿಕೊಂಡು ಆಚೆ ಹೋದಳು.

ಬೇರೆ ಊರಿನವರಿಗೆ ಇದರಲ್ಲೇನು ಮಹಾ ಅನ್ನಿಸಬಹುದು. ಜವನಗೊಂಡನಹಳ್ಳಿಯಿಂದ ಒಳಕ್ಕೆ, ಕುರಿಗಳು ತುಳಿದು ಮಾಡಿದ ದಾರಿ ಹಿಡಿದು ಬಂದರೆ ಸಿಗುವ ಈ ಹಟ್ಟಿಯಲ್ಲಿ ಹಾಗಲ್ಲ. ಇಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲ, ಕುರಿ ಎಲ್ಲ ಆಮೇಲೆ; ಮೊದಲು ಬೇರೆಯಾಗುವುದು ಒಲೆ. ಹೋಗುವವರು ಮನೆಯ ಕುರಿಯ ಉಣ್ಣೆಯಲ್ಲೇ ಹೊಸೆದ ದಾರವನ್ನು ಹಳೇ ಒಲೆಯ ಬಾಯಿಗೆ ಹಿಡಿದು, ಅಳತೆಗೆ ಗಂಟು ಹಾಕಿಕೊಂಡು, ಹೊಸ ಒಲೆಯನ್ನು ಅದೇ ಅಳತೆಗೆ ಹಾಕಬೇಕು. ಹಟ್ಟಿಯ ಹಿರಿಯರು ದಾರವನ್ನು ಎರಡೂ ಒಲೆಗೆ ಹಿಡಿದು ನೋಡುತ್ತಾರೆ. ತಾಳೆಯಾದರೆ ಮನೆಯ ಹಿರೀಹೆಣ್ಣು ಹಳೇ ಒಲೆಯ ಕೆಂಡವನ್ನು ಒಡೆದ ಗಡಿಗೆಯ ಚೂರಿನಲ್ಲಿ ಎತ್ತಿ ಕೊಡುತ್ತಾಳೆ. ಕೊಟ್ಟ ಕೆಂಡವನ್ನು ವಾಪಸು ಇಸಿದುಕೊಳ್ಳುವಂತಿಲ್ಲ. ಹೊಸ ಒಲೆ ಸೇರುವ ಮುಂಚೆ ಅದು ಆರುವಂತೆಯೂ ಇಲ್ಲ, ಆರಿದರೆ ಎರಡೂ ಮನೆಗೆ ಕೇಡು ಎನ್ನುತ್ತಾರೆ. ಅಲ್ಲಿಗೆ ಒಂದು ಮನೆ ಎರಡಾಯಿತು. ತಾಲ್ಲೂಕು ಕಚೇರಿಯ ಕಾಗದ ಯಾವಾಗಲಾದರೂ ಬರಲಿ, ಬಾರದೆಯೂ ಇರಲಿ.

ಆ ದಾರ ಉಣ್ಣೆಯದೇ ಎಂಬುದನ್ನು ಪಾಲಮ್ಮ ಬಾಗಿಲಿನಿಂದಲೇ ಗುರುತು ಹಿಡಿದಿದ್ದಳು. ಕರಿಯ ದಾರ, ಕಂಬಳಿಗೆಂದು ತಾನೇ ಹೊಸೆದಿಟ್ಟದ್ದು.

ರಂಗೇಶ ಅವಳ ಮೈದುನ. ಅವಳು ಮದುವೆಯಾಗಿ ಈ ಮನೆಗೆ ಬಂದಾಗ ಅಂಬೆಗಾಲಿಡುತ್ತಿದ್ದ. ಅತ್ತೆ ಹನುಮಮ್ಮ ಬೇಗ ತೀರಿಕೊಂಡಳು. ತೀರಿಕೊಳ್ಳುವ ಮುಂಚೆ ಪಾಲಮ್ಮನ ಕೈ ಹಿಡಿದು, "ನನ್ನ ಒಲೆ ಎರಡು ಮಾಡಬ್ಯಾಡ ಕಣವ್ವ" ಎಂದಿದ್ದಳು. ಪಾಲಮ್ಮನಿಗೆ ಮಕ್ಕಳಾಗಲಿಲ್ಲ. ರಂಗನೇ ಆ ಒಲೆಯ ಪಕ್ಕ ಕೂತು ಸುಟ್ಟ ಗೆಣಸು ತಿಂದುಕೊಂಡು ಬೆಳೆದ. ಎಷ್ಟೋ ಸಲ ಬಾಯಿ ತಪ್ಪಿ 'ಅವ್ವ' ಎಂದು ಕರೆದು, ನಾಲಗೆ ಕಚ್ಚಿಕೊಂಡು, 'ಅತ್ಗೆ' ಎಂದಿದ್ದ. ಪಾಲಮ್ಮ ಆ ತಪ್ಪನ್ನು ಒಂದು ದಿನವೂ ತಿದ್ದಲಿಲ್ಲ. ಈಗ ಅವನು ಹಿರಿಯೂರಿನಲ್ಲಿ ಲಗೇಜ್ ಆಟೋ ಓಡಿಸುತ್ತಾನೆ. ಹೊಸದುರ್ಗದ ಕಡೆಯಿಂದ ಬಂದ ಹೆಂಡತಿ ಮೀನಾಕ್ಷಿ ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಾಳೆ. ಒಳ್ಳೆಯ ಹುಡುಗಿ ಎಂದೇ ಪಾಲಮ್ಮ ನಂಬಿದ್ದಳು. ದಾರ ನೋಡುವ ತನಕ.

ಒಮ್ಮೆ ಅನುಮಾನದ ಕಣ್ಣು ತೆರೆಯಿತೆಂದರೆ ಕಂಡದ್ದಕ್ಕೆಲ್ಲ ಅರ್ಥ ಹುಟ್ಟಿಕೊಳ್ಳುತ್ತದೆ. ಹೋದ ವಾರ ಮೀನಾಕ್ಷಿ, "ಅಕ್ಕ, ಕೈ ನೀಡು, ನಿಂಗೊಂದು ರವಿಕೆ ಹೊಲೀತೀನಿ" ಎಂದು ಅವಳ ತೋಳನ್ನು ಭುಜದಿಂದ ಬೆರಳ ತುದಿಯ ತನಕ ಅಳೆದಿದ್ದಳು. ಬೆರಳ ತುದಿಯ ತನಕ ಯಾವ ಊರಿನ ರವಿಕೆ? ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಈಗೇಕೆ ರವಿಕೆ? ಬಿಟ್ಟುಹೋಗುವವರು ಬಾಯಿ ಮುಚ್ಚಿಸಲು ಏನಾದರೂ ಕೊಟ್ಟೇ ಹೋಗುತ್ತಾರೆ. ಅದೇ ಇರಬೇಕು ಎಂದುಕೊಂಡಳು ಪಾಲಮ್ಮ. ಹಾಗೆಂದುಕೊಂಡ ಮೇಲೆ ಬರಲಿರುವ ರವಿಕೆಯ ಮೇಲೂ ಸಿಟ್ಟು ಬಂತು.

ಮಾರನೆಯ ದಿನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಗೋಡೆಯ ಆಚೆ ಮಾತು ಕೇಳಿಸಿತು. ಒಂದು ದನಿ ರಂಗೇಶನದು, ಇನ್ನೊಂದು ತನ್ನ ಗಂಡ ಮಾರಪ್ಪನದು. ಮಾರಪ್ಪ ಕುರಿಗಳ ಜೊತೆ ಮಾತಾಡುವಷ್ಟನ್ನೂ ಮನುಷ್ಯರ ಜೊತೆ ಆಡುವವನಲ್ಲ. ಅಂಥವನು ಗುಸುಗುಸು ಮಾಡುವುದನ್ನು ಕೇಳಿ ಪಾಲಮ್ಮನ ಕೈಯಲ್ಲಿದ್ದ ತೆಂಗಿನ ನಾರು ತಾನಾಗಿ ನಿಂತಿತು.

"ಅಣ್ಣ, ಗೋಡೆ ಇಲ್ಲೇ ಒಡೀಬೇಕಾಗ್ತೈತೆ."

"ಒಡ್ಯಾಣ. ಆದ್ರೆ ನಿಮ್ಮತ್ಗೆಗೆ ಈಗ್ಲೇ ಗೊತ್ತಾಗಾದು ಬ್ಯಾಡ. ಗೊತ್ತಾದ್ರೆ ರಂಪ ಮಾಡ್ತಾಳೆ. ಎಲ್ಲಾ ಆದ್ಮೇಲೆ ತಾನೇ ಒಪ್ಕಂತಾಳೆ."

ಗೋಡೆ ಒಡೆಯುವುದೆಂದರೆ ಬಾಗಿಲು ಇಡುವುದು. ಬೇರೆ ಬಾಗಿಲು. ತಮ್ಮನಿಗೆ ಬೇರೆ ಬಾಗಿಲಿಡಲು ಅಣ್ಣನೇ ಒಪ್ಪಿದ್ದಾನೆ! ಅವಳು ಆಮೇಲೆ ಹೋಗಿ ನೋಡಿದರೆ ಸೌದೆ ಒಟ್ಟಿದ್ದರ ಹಿಂದೆ ಗೋಡೆಯನ್ನು ಆಗಲೇ ಕೆತ್ತಿದ್ದರು, ಕೆಳಗೆ ಮಣ್ಣು ಉದುರಿತ್ತು. ಇಷ್ಟು ವರ್ಷ ಒಂದೇ ಒಲೆಯ ಪಕ್ಕ ಕೂತು ಉಂಡ ಗಂಡನೂ ಆ ಕಡೆಯವನೇ ಎಂದು ಗೊತ್ತಾದಾಗ ಅವಳಿಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಯಿತು. ತಾನೊಬ್ಬಳೇ ಉಳಿದೆ ಅನ್ನಿಸಿತು.

ಅಷ್ಟು ಸಾಲದೆಂಬಂತೆ ಪಕ್ಕದ ಮನೆಯ ಈರಕ್ಕ ಬಂದಳು. ಈರಕ್ಕ ಮಜ್ಜಿಗೆಗೆಂದು ಬಂದರೂ ಸುದ್ದಿ ಕೊಡದೆ ಚೊಂಬು ತುಂಬಿಸಿಕೊಂಡವಳಲ್ಲ.

"ನಿಮ್ ರಂಗನೂ ಮೀನಾಕ್ಷಿನೂ ದುರ್ಗದಾಗೆ ಸಿಕ್ಕಿದ್ರು ಕಣೆ. ಹೊಳಲ್ಕೆರೆ ರೋಡಲ್ಲಿ ಕಬ್ಬಿಣದ ಒಲೆ ಮಾಡೋ ಅಂಗ್ಡಿ ಐತಲ್ಲ, ಅದರ ಮುಂದೆ. 'ಏನಮ್ಮ, ಹೊಸ ಒಲೆನಾ?' ಅಂದೆ. ನಕ್ಕಂಡು ಸುಮ್ನಾದ್ಲು. 'ಅಕ್ಕಂಗೆ ಹೇಳ್ಬ್ಯಾಡ್ರಿ' ಅಂತ ಬೇರೆ ಅಂದ್ಲು. ನಂಗ್ಯಾಕೆ ಬಿಡು ಇನ್ನೊಬ್ರ ಮನೆ ಇಚಾರ."

ಇನ್ನೊಬ್ಬರ ಮನೆ ವಿಚಾರ ಬೇಡದ ಈರಕ್ಕ ಅಷ್ಟು ಹೊತ್ತಿಗೆ ಹಟ್ಟಿಯ ಅರ್ಧಕ್ಕೆ ಅದನ್ನು ಹಂಚಿಯೂ ಆಗಿತ್ತು.

ಪಾಲಮ್ಮ ಒಲೆಯ ಮುಂದೆ ಹೋಗಿ ಕೂತಳು. ಆ ಒಲೆ ಅತ್ತೆ ತನ್ನ ಕೈಯಾರೆ ಹಾಕಿದ್ದು. ಕೆರೆಯ ಮಣ್ಣು, ಹೊಟ್ಟು, ಸಗಣಿ ಕಲಸಿ. ಹಿಂದೊಮ್ಮೆ ರಂಗೇಶ ಹೊಗೆ ಬಾರದ ಒಲೆ ಹಾಕುವವನೊಬ್ಬನನ್ನು ಕರೆದುಕೊಂಡು ಬಂದಿದ್ದ. ಅವನು ಒಲೆ ಒಡೆಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಪಾಲಮ್ಮ ಊದುಗೊಳವೆ ಎತ್ತಿಕೊಂಡು ನಿಂತಿದ್ದಳು. ಅವನು ಚಪ್ಪಲಿ ಮೆಟ್ಟಿದ್ದು ಊರಾಚೆ. ಗ್ಯಾಸ್ ಒಲೆ ಮೂಲೆಯಲ್ಲಿದೆ, ನೆಂಟರು ಬಂದರೆ ಟೀ ಕಾಯಿಸಲು. ಮುದ್ದೆಯ ಗಡಿಗೆಗೆ, ಮೈ ತೊಳೆಯುವ ನೀರಿಗೆ ಈ ಒಲೆಯೇ. ಹೊಗೆಯಿಂದ ಕೆಮ್ಮು ಬರುತ್ತಿತ್ತು, ಈಚೆಗೆ ಹೆಚ್ಚೇ ಬರುತ್ತಿತ್ತು. ಹಿರಿಯೂರಿನ ಡಾಕ್ಟರು ಏನೋ ಹೇಳಿದ್ದರು, ಇವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಹೊಗೆಯಿಂದ ಒಂದು ಉಪಕಾರವೂ ಇತ್ತು. ಅತ್ತೆ ಸತ್ತಾಗ, ವರ್ಷ ವರ್ಷ ಕಳೆದರೂ ಮಡಿಲು ತುಂಬದಾಗ, ಪಾಲಮ್ಮ ಅತ್ತದ್ದೆಲ್ಲ ಈ ಒಲೆಯ ಮುಂದೆಯೇ. ಯಾರಾದರೂ ಕೇಳಿದರೆ 'ಹೊಗೆ' ಎನ್ನುತ್ತಿದ್ದಳು. ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ.

ಅವತ್ತೂ ಹಾಗೆಯೇ ಅತ್ತಳು. ಅತ್ತು ಮುಗಿಸಿ, ಇದನ್ನು ಕಣ್ಣಾರೆ ನೋಡದೆ ಬಿಡುವುದಿಲ್ಲ ಎಂದುಕೊಂಡಳು.

ಬುಧವಾರ ಹಿರಿಯೂರಿನ ಆಸ್ಪತ್ರೆಗೆ ಹೋಗುತ್ತೇನೆಂದು ಹೇಳಿ ಹೊರಟಳು. ಆಸ್ಪತ್ರೆಗೆಂದಾಗ ಮೀನಾಕ್ಷಿ, "ನಾನೂ ಬರ್ಲಾ ಅಕ್ಕ?" ಎಂದಳು. ಅದೂ ಅನುಮಾನಕ್ಕೇ ಎಡೆಯಾಯಿತು. ತನ್ನನ್ನು ಕಾಯಲು ಬರುತ್ತಿದ್ದಾಳೆ! ಪಾಲಮ್ಮ ಬೇಡವೆಂದು ಹೊರಟು, ಹಿರಿಯೂರಿನಲ್ಲಿ ಇಳಿದು ದುರ್ಗದ ಬಸ್ಸು ಹತ್ತಿದಳು. ಐಮಂಗಲ ದಾಟುವಾಗ ಕಂಡಕ್ಟರು, "ಎಲ್ಲಿಗಮ್ಮ ಒಬ್ರೇ?" ಎಂದು ಸುಮ್ಮನೆ ಕೇಳಿದ್ದಕ್ಕೆ, "ಯಾಕಪ್ಪ, ನಿಂಗ್ಯಾರು ಹೇಳಿದ್ರು ಕೇಳು ಅಂತ?" ಎಂದಳು. ಪಾಪ, ಅವನು ಆಮೇಲೆ ಆ ಕಡೆ ಬರಲಿಲ್ಲ.

ಅಂಗಡಿ ಸಿಕ್ಕುವುದು ಕಷ್ಟವಾಗಲಿಲ್ಲ. ಕಬ್ಬಿಣ ಉಜ್ಜುವ ಸದ್ದು ರಸ್ತೆಯ ತಿರುವಿಗೇ ಕೇಳುತ್ತಿತ್ತು. ಮಾಲೀಕ ಶ್ರೀನಿವಾಸ್ ಕಿಡಿ ತಾಗದಂತೆ ಹಾಕಿಕೊಂಡ ಕನ್ನಡಕವನ್ನು ಹಣೆಗೇರಿಸಿ ಎದ್ದು ಬಂದ.

"ಬರ್ರಿ ಅಮ್ಮ, ಕುಂತ್ಕಳ್ರಿ. ಒಲೆ ಬೇಕಿತ್ತಾ? ಮನೇಲಿ ಈಗ ಮಣ್ಣಿನ ಒಲೆ ಐತಾ, ಇಲ್ಲಾ ಹೊಸ್ದಾಗಿ ಇಡ್ತೀರಾ? ಅದ್ನ ಹೇಳ್ಬಿಡ್ರಿ ಮೊದ್ಲು. ಒಲೆ ಇರೋರ್ಗೆ ಒಂಥರಾ, ಇಲ್ದೋರ್ಗೆ ಒಂಥರಾ."

ಪಾಲಮ್ಮ ಯೋಚಿಸಿದಳು. ನಿಜ ಹೇಳಿದರೆ ಇವನು ಹುಷಾರಾಗುತ್ತಾನೆ. ಅವರು ಇವನ ಬಾಯಿ ಕಟ್ಟಿರಲೂಬಹುದು. ಅದಕ್ಕೆ ಮುಖದಲ್ಲಿ ಒಂದಿಷ್ಟೂ ಬದಲಾವಣೆ ತೋರಿಸದೆ, "ಒಲೆ ಇಲ್ಲಪ್ಪ. ಹೊಸ ಮನೆ" ಎಂದಳು. ಜೀವಮಾನದಲ್ಲಿ ಅಷ್ಟು ಸಲೀಸಾಗಿ ಅವಳೆಂದೂ ಸುಳ್ಳು ಹೇಳಿರಲಿಲ್ಲ. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು.

ಅವಳು ಹೇಳಿದ್ದನ್ನು ನಂಬಿ ಶ್ರೀನಿವಾಸ್ ಕಾಲಿದ್ದ ಒಲೆಗಳನ್ನು ತೋರಿಸಿದ. ಎಲ್ಲಿ ಇಟ್ಟರೆ ಅಲ್ಲಿ ನಿಲ್ಲುವಂಥವು, ಬೆನ್ನಿಗೆ ಹೊಗೆ ಕೊಳವೆ. ಪಾಲಮ್ಮ ಬಳೆಯಿಂದ ತಟ್ಟಿ ಸದ್ದು ಕೇಳಿದಳು, ಒಳಗೆ ಕೈ ಹಾಕಿ ತಳ ಮುಟ್ಟಿದಳು, "ತಗಡಲ್ಲ ತಾನೇ? ಬೂದಿ ಎಲ್ಲಿಂದ ತೆಗ್ಯಾದು? ಮುದ್ದೆ ತಿರುವೋವಾಗ ಕವಚ್ಕಂಡ್ರೆ?" ಎಂದು ಕೇಳಿದಳು. ಅವನು ಒಂದೊಂದಕ್ಕೂ ಉತ್ತರ ಹೇಳಿದ. ಉತ್ತರ ಸರಿಯಾಗಿದ್ದಷ್ಟೂ ಇವನು ಪಳಗಿದವನೇ ಎಂದುಕೊಂಡಳು.

"ನಮ್ ಜವನಗೊಂಡನಹಳ್ಳಿ ಕಡೇರು ಯಾರಾದ್ರೂ ತಗಂಡವ್ರಾ?"

"ಹೂಂ, ತಗಂಡವ್ರಮ್ಮ. ಗಂಡ ಹೆಂಡ್ತಿ ಬಂದಿದ್ರು, ಅವ್ನು ಲಗೇಜ್ ಆಟೋದವ್ನು. ಒಂದಲ್ಲ, ಮೂರ್ ಸಲ ಬಂದ್ರು. ಅದು ಬ್ಯಾಡ ಇದು ಬ್ಯಾಡ ಅಂತ ತಲೆ ತಿಂದ್ರು. ಆ ಹೆಣ್ಮಗಳು ಉಣ್ಣೆದಾರ ತಂದಿದ್ಲು ನೋಡ್ರಿ, ಗಂಟು ಹಾಕಿ. ಇದ್ರ ಅಳತೆಗೆ ಕೂದ್ಲೆಳೆ ಹೆಚ್ಚುಕಮ್ಮಿ ಆಗ್ಬಾರ್ದು ಅಂದ್ಲು. ಶುಕ್ರವಾರ ಒಯ್ತಾರೆ."

ಪಾಲಮ್ಮ ಅಂಗಡಿಯೊಳಗೆಲ್ಲ ಕಣ್ಣಾಡಿಸಿದಳು. ಮೂಲೆಯಲ್ಲಿ ಗೋಣಿಚೀಲ ಮುಚ್ಚಿದ್ದ ಚೌಕನೆಯ ಒಂದು ವಸ್ತು ಕಂಡಿತು.

"ಅದೇನಪ್ಪ ಅದು?"

"ಅದು ನಿಮಗೆ ಆಗಲ್ಲಮ್ಮ. ಅದು ಹಳೇ ಒಲೆ ಇರೋರ್ಗೆ. ನಿಮ್ದು ಹೊಸ ಮನೆ ಅಂದ್ರಲ್ಲ, ಬಿಡ್ರಿ. ಈ ಕಡೆ ನೋಡ್ರಿ."

ಪಾಲಮ್ಮ ಆ ಕಡೆ ಮತ್ತೆ ನೋಡಲಿಲ್ಲ. ಗೋಣಿಚೀಲವನ್ನೊಂದು ಸ್ವಲ್ಪ ಎತ್ತಿದ್ದರೆ ಈ ಕಥೆ ಅಲ್ಲೇ ಮುಗಿಯುತ್ತಿತ್ತು. ಆದರೆ ಬೇಕಾದ ಸಾಕ್ಷಿ ಕೈಗೆ ಸಿಕ್ಕಿದ ಮೇಲೆ ಬೇಡದ್ದನ್ನು ಹುಡುಕುವ ಅನುಮಾನದ ಜನ ಎಲ್ಲಿದ್ದಾರೆ? ಆಮೇಲೆ ಬರುತ್ತೇನೆಂದು ಹೇಳಿ, ಬಸ್ಸು ಹತ್ತಿ, ಹಿರಿಯೂರಿನ ತನಕ ಕಿಟಕಿಯ ಕಂಬಿ ಬಿಗಿಯಾಗಿ ಹಿಡಿದುಕೊಂಡೇ ಕೂತಿದ್ದಳು.

ಗುರುವಾರ ರಂಗೇಶ ಆಟೋ ತೆಗೆದುಕೊಂಡು ಹೋದ, ಮಾರಪ್ಪ ಕುರಿ ಹೊಡೆದುಕೊಂಡು ಹೋದ, ಮೀನಾಕ್ಷಿ ಯಾರದೋ ಮದುವೆ ಬಟ್ಟೆ ಕೊಡಲು ಆಚೆ ಹೋದಳು. ಪಾಲಮ್ಮ ಕೆರೆಯ ಮಣ್ಣು ತಂದು, ಹೊಟ್ಟು ಹಾಕಿ, ಸಗಣಿ ಸೇರಿಸಿ, ಕಾಲಿನಲ್ಲಿ ತುಳಿದು ಹದ ಮಾಡಿದಳು. ಒಲೆ ಸಾರಿಸುವುದು ವಾರ ವಾರ ಇದ್ದದ್ದೇ. ಅವತ್ತು ಅವಳು ಸಾರಿಸಲಿಲ್ಲ, ಮೆತ್ತಿದಳು. ಒಲೆಯ ಬಾಯಿಯ ಎರಡೂ ಕಡೆಗೆ ಅಂಗೈ ದಪ್ಪ ಮಣ್ಣು ಒತ್ತಿ, ಬಾಯಿಯನ್ನೇ ಕಿರಿದು ಮಾಡಿದಳು. ಈಗ ಹಿಡಿಯಲಿ ದಾರ! ಹಟ್ಟಿಯ ಹಿರಿಯರು ಬಂದು ಹಿಡಿಯಲಿ. ಗಂಟು ತಾಳೆಯಾಗುವುದಿಲ್ಲ. ತಾಳೆಯಾಗದೆ ಕೆಂಡವಿಲ್ಲ, ಕೆಂಡವಿಲ್ಲದೆ ಬೇರೆ ಮನೆಯಿಲ್ಲ. ಅವನು ಇಲ್ಲೇ ಇರಬೇಕು, ಇದೇ ಒಲೆಯ ಮುದ್ದೆ ಉಣ್ಣಬೇಕು. ಮಣ್ಣನ್ನು ಒತ್ತಿ ಒತ್ತಿ ನುಣುಪು ಮಾಡುತ್ತ ಪಾಲಮ್ಮ ಕೆಮ್ಮಿದಳು, ಕೆಮ್ಮುತ್ತಲೇ ನಕ್ಕಳು.

ಸಂಜೆ ಮೀನಾಕ್ಷಿ ಅಡುಗೆಮನೆಗೆ ಬಂದು ಒಲೆ ನೋಡಿದಳು. ಮುಖ ಬಿಳಿಚಿಕೊಂಡಿತು.

"ಅಕ್ಕ, ಇದ್ಯಾಕೆ ಹಿಂಗ್ ಬಳಿದೆ?"

"ಯಾಕೆ, ನನ್ ಒಲೆ ನಾನು ಬಳ್ಯಾಕೆ ನಿನ್ನ ಕೇಳ್ಬೇಕಾ?"

ಮೀನಾಕ್ಷಿ ಕಣ್ಣು ತುಂಬಿಕೊಂಡು ಆಚೆ ಹೋದಳು. ಕಳ್ಳಿ ಸಿಕ್ಕಿಬಿದ್ದಳು ಎಂದುಕೊಂಡಳು ಪಾಲಮ್ಮ. ಆದರೂ ಅವತ್ತು ಅವಳಿಗೆ ಊಟ ಸೇರಲಿಲ್ಲ.

ಶುಕ್ರವಾರ ಮಧ್ಯಾಹ್ನಕ್ಕೆ ಮುಂಚೆಯೇ ರಂಗೇಶನ ಆಟೋ ಬಂತು. ಹಿಂದೆ ಗೋಣಿಚೀಲ ಸುತ್ತಿದ ಚೌಕನೆಯ ಕಬ್ಬಿಣ, ಅದರ ಪಕ್ಕ ಉದ್ದನೆಯ ಕೊಳವೆ. ಈರಕ್ಕನ ಬಾಯಿಯ ಪುಣ್ಯದಿಂದ ಹಟ್ಟಿಯ ಜನ ಆಗಲೇ ಅಂಗಳದ ಸುತ್ತ ನಿಂತಿದ್ದರು. ಹಿರಿಯರಲ್ಲಿ ಹಿರಿಯನಾದ ಮೂರ್ತಪ್ಪ ಕೋಲೂರಿಕೊಂಡು ಬಂದು ಜಗಲಿಯ ಮೇಲೆ ಕೂತ.

"ಏನಪ್ಪ ರಂಗ, ಒಲೆ ಬಂತು ಅಂತಲ್ಲ. ನಮಗೊಂದು ಮಾತು ಹೇಳ್ಬಾರ್ದಾ? ದಾರ ಎಲ್ಲೈತಿ? ಹಿಡ್ದು ನೋಡಾಣ."

ರಂಗೇಶ ಕಣ್ಣು ಪಿಳಿಪಿಳಿ ಬಿಟ್ಟ. ಅವನಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ. ಆದರೆ ಬಾಗಿಲಲ್ಲಿ ನಿಂತಿದ್ದ ಪಾಲಮ್ಮನಿಗೆ ಅದು ತಪ್ಪು ಮಾಡಿದವನ ಮುಖವಾಗಿಯೇ ಕಂಡಿತು. ಇನ್ನು ಮೂರ್ತಪ್ಪ ಒಳಗೆ ಬರುತ್ತಾನೆ. ದಾರ ಹಿಡಿಯುತ್ತಾನೆ. ಗಂಟು ತಪ್ಪುತ್ತದೆ. ಕಳ್ಳ ಅಳತೆ ಎಂದು ಹಟ್ಟಿಯೆಲ್ಲ ನಗುತ್ತದೆ. ನಡುವೆ ನಿಂತು ನಗಿಸಿಕೊಳ್ಳುವವನು ರಂಗ. ಅವಳು ಎರಡು ದಿನದಿಂದ ಬೇಡಿಕೊಂಡದ್ದು ಇದನ್ನೇ. ಈಗ ಅದು ಅಂಗಳಕ್ಕೆ ಬಂದು ನಿಂತಾಗ ಅವಳ ಕೈಲಿ ನೋಡಲಾಗಲಿಲ್ಲ. ತಾನು ಸಾಕಿದವನು ನಾಲ್ಕು ಜನರ ಮುಂದೆ ತಲೆ ತಗ್ಗಿಸುವುದಕ್ಕಿಂತ ಬೇರೆ ಹೋಗುವುದೇ ಮೇಲು ಅನ್ನಿಸಿತು. ಹೋಗಲಿ. ಕೇಳುವ ಮೊದಲೇ ಕೊಟ್ಟು ಕಳಿಸುತ್ತೇನೆ.

ಒಳಗೆ ಹೋದವಳೇ ಗಡಿಗೆ ಚೂರಿನಲ್ಲಿ ಕೆಂಡ ಎತ್ತಿಕೊಂಡು ಬಂದಳು. ಮೂರ್ತಪ್ಪನನ್ನು ದಾಟಿ, ಈರಕ್ಕನನ್ನು ದಾಟಿ, ರಂಗೇಶನ ಎರಡೂ ಕೈಗೆ ಅದನ್ನು ಇಟ್ಟಳು.

"ದಾರ ಹಿಡ್ಯಾದು ಬ್ಯಾಡ ಮೂರ್ತಪ್ಪ. ನಾನೇ ಕೊಡ್ತೀನಿ. ತಗಳಪ್ಪ ರಂಗ. ತಗಂಡು ಹೋಗಿ ಚೆನ್ನಾಗಿ ಬಾಳು."

ಕುರಿ ದೊಡ್ಡಿಯಿಂದ ಓಡಿ ಬಂದ ಮಾರಪ್ಪ ತಮ್ಮನ ಕೈಯಲ್ಲಿ ಕೆಂಡ ನೋಡಿ ತಲೆ ಮೇಲೆ ಕೈಯಿಟ್ಟುಕೊಂಡ.

"ಪಾಲಿ! ಏನ್ ಮಾಡ್ದೆ?"

"ನೀನೂ ಅವ್ರೂ ಸೇರಿ ಮಾಡಿದ್ನೇ ನಾನು ಮುಗಿಸ್ದೆ. ಗೋಡೆ ಒಡ್ದು ಬಾಗ್ಲು ಇಡಾಕೆ ಹೊರಟಿದ್ರಲ್ಲ, ಇಡ್ರಿ."

"ಬಾಗ್ಲಾ? ಯಾವ್ ಬಾಗ್ಲು?" ರಂಗೇಶನ ದನಿ ಒಡೆದುಹೋಯಿತು. "ಅತ್ಗೆ, ಹೊಗೆ ಕೊಳವೆಗೆ ತೂತು ಕಣೆ ಅದು! ಇದು ಬೇರೆ ಒಲೆ ಅಲ್ಲ. ನಿನ್ ಒಲೆ ಒಳಗೇ ಕೂರ್ಸಾದು. ಹಳೇ ಒಲೆ ಒಡ್ಯಂಗಿಲ್ಲ, ಮುಟ್ಟಂಗಿಲ್ಲ, ಬಾಯೊಳಗೆ ತಳ್ಳಿ ಬಿಡಾದು. ಒಡ್ಯಾಕೆ ಬಂದವ್ನ ಊದುಗೊಳವೆಲಿ ಓಡಿಸಿದ್ಯಲ್ಲ, ಅದಕ್ಕೇ ಹುಡುಕಿ ಹುಡುಕಿ ಇದ್ನ ಮಾಡ್ಸಿದ್ವಿ. ಇನ್ನೊಂದು ವರ್ಷ ಈ ಹೊಗೆ ಕುಡುದ್ರೆ ನಿನ್ ಎದೆ ಉಳ್ಯಲ್ಲ ಅಂದ್ರು ಡಾಕ್ಟ್ರು. ನಿನ್ ಮುಂದೇನೇ ಅಂದ್ರಲ್ಲ!"

ಮೀನಾಕ್ಷಿ ಅಳುತ್ತಲೇ ಗೋಣಿಚೀಲ ಬಿಚ್ಚಿದಳು. ಕಾಲಿಲ್ಲದ, ಮುಂದೆ ಬಾಯಿ, ಮೇಲೆ ಗಡಿಗೆ ಕೂರುವ ಬಟ್ಟಲಿನಂಥ ತಗ್ಗು ಇದ್ದ ಕಬ್ಬಿಣದ ಗೂಡು. ಹೊರಗಿಟ್ಟರೆ ತನ್ನಷ್ಟಕ್ಕೆ ನಿಲ್ಲಲೂ ಬಾರದ ಒಲೆ.

"ಮೊದ್ಲು ನೋಡಿದ್ದು ಆಳ ಜಾಸ್ತಿ ಇತ್ತಕ್ಕ, ಸೌದೆ ತಳ್ಳಾಕೆ ನಿನ್ ಕೈ ಬೆಂಕಿ ತನಕ ಹೋಗ್ಬೇಕಿತ್ತು. ಅದ್ಕೇ ನಿನ್ ತೋಳು ಅಳ್ದಿದ್ದು. ಇನ್ನೊಂದ್ರ ಮೇಲೆ ಮುದ್ದೆ ಗಡಿಗೆ ಅಲ್ಲಾಡ್ತಿತ್ತು. ಇದು ಸರಿಯಾಗಿತ್ತು. ದಾರದಾಗೆ ಒಲೆ ಅಳ್ಯಾದು ಅಂದ್ರೆ ನಿಮ್ಮಲ್ಲಿ ಬೇರೆ ಹೋಗಾದು ಅಂತ ನಂಗೇನು ಗೊತ್ತಕ್ಕ? ಟೇಪು ಮಿಷನ್ ಹತ್ರ ಇತ್ತು, ದಾರ ಕೈಗೆ ಸಿಕ್ತು ಅಷ್ಟೇಯ. ಇವ್ರಿಗೂ ಅದು ಹೊಳೀಲಿಲ್ಲ."

ಯಾರೂ ಕೇಳದಿದ್ದ ಪಾಲನ್ನು ಪಾಲಮ್ಮ ತಾನೇ ಕೊಟ್ಟುಬಿಟ್ಟಿದ್ದಳು. ಅತ್ತೆಯ ಮಾತನ್ನು ಮುರಿದವರು ರಂಗನೂ ಅಲ್ಲ, ಮೀನಾಕ್ಷಿಯೂ ಅಲ್ಲ. ಕೈ ಚಾಚಿ ಕೆಂಡವನ್ನು ವಾಪಸು ಇಸಿದುಕೊಳ್ಳಲು ಹೊರಟಳು. ಮೂರ್ತಪ್ಪ ಕೋಲು ಅಡ್ಡ ಹಿಡಿದ.

"ತಡ್ಯವ್ವ. ಕೊಟ್ಟ ಕೆಂಡ ಇಸ್ಕಳಂಗಿಲ್ಲ. ಆರಂಗೂ ಇಲ್ಲ. ನಿಂಗೆ ಗೊತ್ತಿಲ್ದಿದ್ದಾ?"

ಕೆಂಡದ ಮೇಲೆ ಆಗಲೇ ಬೂದಿ ಕಟ್ಟುತ್ತಿತ್ತು. ರಂಗೇಶ ಬಗ್ಗಿ ಊದಿದ. ಆಗ ಮಾರಪ್ಪ, ಮಾತೇ ಆಡದ ಮಾರಪ್ಪ, ಗಂಟಲು ಸರಿಮಾಡಿಕೊಂಡ.

"ಕೆಂಡ ಹೊಸ ಒಲೆಗೆ ಹೋಗ್ಬೇಕು, ಅಷ್ಟೇ ತಾನೇ? ಹೊಸ ಒಲೆ ಎಲ್ಲಿರ್ಬೇಕು ಅಂತ ಯಾರಾದ್ರೂ ಹೇಳ್ಯಾರಾ?"

ಮೂರ್ತಪ್ಪ ಅಡ್ಡ ಹಿಡಿದ ಕೋಲನ್ನು ಕೆಳಗಿಳಿಸಿದ. "ಹೇಳಿಲ್ಲ" ಎಂದ. "ಆದ್ರೆ ಆರ್ಬಾರ್ದು. ಬಿರ್ರನೆ ಆಗ್ಲಿ."

ಮಾರಪ್ಪ ಮತ್ತು ಇನ್ನಿಬ್ಬರು ಕಬ್ಬಿಣದ ಗೂಡನ್ನು ಎತ್ತಿಕೊಂಡು ಅಡುಗೆಮನೆಗೆ ಓಡಿದರು. ಒಲೆಯ ಬೆಂಕಿ ಎಳೆದು, ಬೂದಿ ಬಳಿದು, ಗೂಡನ್ನು ಬಾಯಿಗಿಟ್ಟು ತಳ್ಳಿದರು. ಅದು ಅಂಚಿನಲ್ಲೇ ನಿಂತಿತು. ಮತ್ತೆ ತಳ್ಳಿದರು. ಹೋಗಲಿಲ್ಲ. ಮೀನಾಕ್ಷಿ ದಾರ ಹಿಡಿದು ನೋಡಿದಳು. ಗಂಟು ಒಲೆಯನ್ನು ದಾಟಿ ಆಚೆ ಹೋಗಿತ್ತು.

"ಅಂಗ್ಡಿಯವ್ನು ಅಳತೆ ತಪ್ಪಿಸ್ಯಾನೆ" ಎಂದ ಒಬ್ಬ.

ಮೀನಾಕ್ಷಿಗೆ ನಿಜ ಗೊತ್ತಿತ್ತು. ಅವಳು ಹೇಳಲಿಲ್ಲ. ಅವಳು ಹೇಳದೆ ಉಳಿದದ್ದೇ ಪಾಲಮ್ಮನಿಗೆ ಚುರುಕ್ಕೆಂದಿತು.

"ಅವ್ನು ತಪ್ಪಿಸಿಲ್ಲ. ಸರೀರಿ ಎಲ್ಲಾರೂ. ನಾನೇ ಬಳ್ದಿದ್ದು."

ಕುಡುಗೋಲು ತೆಗೆದುಕೊಂಡು ಒಲೆಯ ಮುಂದೆ ಕೂತಳು. ಬೇರೆಯವರು ಮುಟ್ಟಲು ಬಂದರೆ ಊದುಗೊಳವೆ ಎತ್ತುತ್ತಿದ್ದವಳು ತಾನೇ ಆ ಒಲೆಯನ್ನು ಕೆತ್ತತೊಡಗಿದಳು. ನಿನ್ನೆಯ ಮಣ್ಣು ಮೇಲೆ ಒಣಗಿ ಒಳಗೆ ಇನ್ನೂ ಹಸಿಯಿತ್ತು, ಹೆಂಟೆ ಹೆಂಟೆಯಾಗಿ ಬಂತು. ಒಂದು ಕಡೆ ಹೊಸ ಮಣ್ಣಿನ ಜೊತೆ ಹಳೆಯದೂ ಕಿತ್ತು ಬಂತು. ಪಾಲಮ್ಮನ ಕೈ ಒಂದು ಗಳಿಗೆ ನಿಂತಿತು. "ತಪ್ಪಾತು ಅತ್ತೆ" ಎಂದು ಗೊಣಗಿ ಮತ್ತೆ ಕೆತ್ತಿದಳು. ಹಿತ್ತಲ ಬಾಗಿಲ ಹೊರಗೆ ರಂಗೇಶ ಕೆಂಡ ಹಿಡಿದು ನಿಂತಿದ್ದ. ಮೀನಾಕ್ಷಿ ಒಣ ಸಗಣಿಯ ಪುಡಿ ಉದುರಿಸುತ್ತಿದ್ದಳು, ಅವನು ಊದುತ್ತಿದ್ದ.

"ಅತ್ಗೆ, ಒಂದೇ ಕೆಂಡ ಉಳ್ದೈತೆ!"

"ಊದಲೇ! ನಿಲ್ಲಿಸ್ಬ್ಯಾಡ!"

ಗೂಡು ಈ ಸಲ ಉಜ್ಜಿಕೊಂಡು, ಕಿರ್ರೆಂದು ಸದ್ದು ಮಾಡಿಕೊಂಡು ಒಳಗೆ ಹೋಗಿ ಕೂತಿತು. ಮಾರಪ್ಪ ಗೋಡೆಯ ಉಳಿದ ಮಣ್ಣನ್ನು ಹಾರೆಯಿಂದ ತಿವಿದ, ಬೆಳಕು ಬಂತು, ಕೊಳವೆ ಕೂರಿಸಿದ. ರಂಗೇಶ ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಕಬ್ಬಿಣದ ಬಾಯಿಗೆ ಕೆಂಡ ಸುರಿದ. ಅದು ಕೆಂಡವೋ ಬೂದಿಯೋ ಹೇಳುವಂತಿರಲಿಲ್ಲ. ಪಾಲಮ್ಮ ಒಣ ಗರಿಕೆ ಇಟ್ಟು, ಊದುಗೊಳವೆ ಬಾಯಿಗಿಟ್ಟು, ಕೆಮ್ಮು ತಡೆದುಕೊಂಡು ಊದಿದಳು. ಊದಿದಳು, ಊದಿದಳು. ಗರಿಕೆಯ ತುದಿ ಕೆಂಪಾಯಿತು. ಹತ್ತಿಕೊಂಡಿತು.

ಆಚೆಯಿಂದ ಈರಕ್ಕ, "ಹೊಗೆ ಗೋಡೆ ಮೇಲಿಂದ ಬತ್ತೈತೆ!" ಎಂದು ಕೂಗಿದಳು. ಅಷ್ಟು ಸಂತೋಷದ ಸುದ್ದಿಯನ್ನು ಅವಳು ಹಿಂದೆಂದೂ ಕೊಟ್ಟಿರಲಿಲ್ಲ. ಒಳಗೆ ಹೊಗೆಯ ಒಂದು ಎಳೆಯೂ ಇರಲಿಲ್ಲ. ಅಟ್ಟದ ತೊಲೆ, ಗೂಟದ ಸಟ್ಟುಗ, ಎದುರಿಗೆ ಕೂತ ರಂಗನ ಮುಖ, ಎಲ್ಲವೂ ನಿಚ್ಚಳವಾಗಿ ಕಾಣುತ್ತಿದ್ದವು. ಇಷ್ಟು ಹತ್ತಿರದಿಂದ ಅಷ್ಟು ಸ್ಪಷ್ಟವಾಗಿ ಅವಳು ಅವನನ್ನು ಆ ಅಡುಗೆಮನೆಯಲ್ಲಿ ನೋಡಿದ್ದೇ ಇಲ್ಲ. ಕಿವಿಯ ಹತ್ತಿರ ಒಂದೆರಡು ಕೂದಲು ನರೆತಿದ್ದವು.

ಪಾಲಮ್ಮನ ಕಣ್ಣಿನಿಂದ ನೀರು ಇಳಿಯಿತು. ನಿಲ್ಲಲಿಲ್ಲ.

"ಯಾಕವ್ವ?" ಎಂದ ರಂಗೇಶ. ಈ ಸಲ ನಾಲಗೆ ಕಚ್ಚಿಕೊಳ್ಳಲಿಲ್ಲ.

"ಹೊಗೆ" ಎಂದಳು ಪಾಲಮ್ಮ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಆ ದುರ್ಗದವ್ನು ಮೋಸ ಮಾಡ್ಯಾನೆ. ಹೊಗೆ ಬತ್ತಾನೇ ಐತೆ ನೋಡು."

ರಂಗೇಶ ಎದ್ದು ಕೊಳವೆಯ ಉದ್ದಕ್ಕೂ ಕೈಯಾಡಿಸಿ ನೋಡಿದ. ಮೀನಾಕ್ಷಿ ಅಂಚಿನ ಸಂದುಗಳಿಗೆ ಕಣ್ಣಿಟ್ಟು ನೋಡಿದಳು. ಮಾರಪ್ಪ ಹೊರಗೆ ಹೋಗಿ ಗೋಡೆಯ ತೂತಿನ ಸುತ್ತ ನೋಡಿ ಬಂದ. ಹೊಗೆ ಎಲ್ಲಿಂದ ಬರುತ್ತಿದೆಯೆಂದು ಯಾರಿಗೂ ಸಿಗಲಿಲ್ಲ. ಪಾಲಮ್ಮ ಮುದ್ದೆಗೆ ಎಸರಿಟ್ಟಳು.